ಮನೆಯಲ್ಲೇ ಕಲಿಯುವ ಮಗು ಯಾವ ಮಟ್ಟದಲ್ಲಿದೆ? ಜೂನ್‌ಗೆ ಮುಂಚೆ ನೋಡಿಕೊಳ್ಳುವ ಬಗೆ

ಮೇ ತಿಂಗಳಲ್ಲಿ ಮದುವೆ ಮನೆಗೆ ಹೋದರೂ ಅಷ್ಟೇ, ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೂ ಅಷ್ಟೇ, ಮಕ್ಕಳನ್ನು ಕೇಳುವ ಮಾತು ಒಂದೇ: "ಈ ವರ್ಷ ಎಷ್ಟನೇ ಕ್ಲಾಸೋ ತಮ್ಮಾ?" ಶಾಲೆಗೆ ಹೋಗುವ ಮಗು ತಟ್ಟನೆ ಹೇಳುತ್ತದೆ. ಮನೆಯಲ್ಲೇ ಕಲಿಯುವ ಮಗು ಅಪ್ಪ-ಅಮ್ಮನ ಮುಖ ನೋಡುತ್ತದೆ. ವಯಸ್ಸಿನ ಲೆಕ್ಕದಲ್ಲಿ ಐದನೇ ಕ್ಲಾಸು ಅನ್ನಬಹುದು. ಆದರೆ ಕನ್ನಡವನ್ನು ಏಳನೇ ಕ್ಲಾಸಿನವರಂತೆ ಓದುತ್ತದೆ, ಭಾಗಾಕಾರ ಇನ್ನೂ ತಲೆಯಲ್ಲಿ ಕೂತಿಲ್ಲ, ಇಂಗ್ಲಿಷ್ ಸಣ್ಣ ಪದಗಳ ಹತ್ತಿರವೇ ನಿಂತಿದೆ. ಇಂಥ ಮಗುವಿಗೆ ಒಂದೇ ಕ್ಲಾಸಿನ ಹೆಸರು ಹೇಳುವುದಾದರೂ ಹೇಗೆ?

ಹೇಳಬೇಕಾಗಿಯೂ ಇಲ್ಲ. ಜೂನ್‌ನಲ್ಲಿ ಯಾವ ವಿಷಯವನ್ನು ಎಲ್ಲಿಂದ ಹಿಡಿಯಬೇಕು ಎಂದು ಗೊತ್ತಾದರೆ ಸಾಕು. ಅದಕ್ಕೆ ಒಂದು ವಾರದ ಕೆಲಸ ಇದೆ. ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೋಮ್‌ಸ್ಕೂಲಿಂಗ್ ಅನ್ನು ತಾವಾಗಿ ಆರಿಸಿಕೊಂಡವರಿಗೂ ಇದು ಆಗುತ್ತದೆ. ಕಾಯಿಲೆಯಿಂದಲೋ, ದುಡಿಯಲು ಬೆಂಗಳೂರಿಗೆ ಹೋಗಿ ಬಂದದ್ದರಿಂದಲೋ ಒಂದೆರಡು ವರ್ಷ ಮಗು ಮನೆಯಲ್ಲೇ ಕಲಿತಿದ್ದರೂ ಆಗುತ್ತದೆ.

ಮೊದಲು ಉದ್ದೇಶ ಗಟ್ಟಿ ಮಾಡಿಕೊಳ್ಳಿ

ಮುಂದಿನ ವರ್ಷವೂ ಮನೆಯಲ್ಲೇ ಕಲಿಸುತ್ತೀರಾ? ಶಾಲೆಗೆ ಸೇರಿಸುತ್ತೀರಾ? ಇಲ್ಲಾ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಬರೆಸುವ ಯೋಚನೆಯಾ? ಮೂರಕ್ಕೂ ನೋಡುವ ರೀತಿ ಸ್ವಲ್ಪ ಬೇರೆ. ಮನೆಯಲ್ಲೇ ಮುಂದುವರಿಯುವ ಮಗುವಿಗೆ ಶಾಲೆಯ ಪಾಠಗಳ ಕ್ರಮ ಅಷ್ಟು ಮುಖ್ಯ ಅಲ್ಲ, ಓದು-ಬರಹ-ಲೆಕ್ಕದ ಬುನಾದಿ ಮುಖ್ಯ. ಶಾಲೆಗೆ ಹೋಗುವ ಮಗು ಆ ತರಗತಿಯ ಪುಸ್ತಕ ತೆರೆದಾಗ ಕಂಗಾಲಾಗಬಾರದು, ಹಾಗಾಗಿ ಹಿಂದಿನ ತರಗತಿಯ ಪುಸ್ತಕದ ಜೊತೆ ಹೋಲಿಸಿ ನೋಡಲೇಬೇಕು. ಎನ್‌ಐಒಎಸ್‌ನ ಸೆಕೆಂಡರಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳೂ ಅಲ್ಲಿವೆ. ಈ ದಾರಿ ಹಿಡಿಯುವವರು ಯಾವ ಮಾಧ್ಯಮದಲ್ಲಿ ಬರೆಸುತ್ತೀರಿ ಎಂದು ಈಗಲೇ ತೀರ್ಮಾನಿಸಿ, ಆ ಭಾಷೆಯಲ್ಲಿ ಓದುವ ಶಕ್ತಿಯನ್ನೇ ಮೊದಲು ನೋಡಿ.

ಯಾವಾಗ, ಯಾರು, ಏನೇನು ಬೇಕು

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಝಳದಲ್ಲಿ ಕೂತು ಮಾಡಿದ ಲೆಕ್ಕ ನೋಡಿ ಮಗುವಿನ ಮಟ್ಟ ಹೇಳಲಾಗದು. ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಮುಗಿಸಿ. ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಒಂದು ದಿನಕ್ಕೆ ಒಂದೇ ವಿಷಯ. ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಇದ್ದರೆ ಆ ವಾರ ಬಿಟ್ಟುಬಿಡಿ. ಮೇ ಎರಡನೇ ಅಥವಾ ಮೂರನೇ ವಾರ ಒಳ್ಳೆಯದು. ಆಮೇಲೆ ಪುಸ್ತಕ ತರಿಸಲು, ಶಾಲೆಯವರ ಜೊತೆ ಮಾತಾಡಲು ಸಮಯ ಉಳಿಯುತ್ತದೆ.

ಆದಷ್ಟು ಮಟ್ಟಿಗೆ ಪಾಠ ಹೇಳಿದವರೇ ಪರೀಕ್ಷಿಸಬಾರದು. ಅಮ್ಮ ದಿನಾ ಕಲಿಸುತ್ತಿದ್ದರೆ ಚಿಕ್ಕಮ್ಮನೋ, ಅಜ್ಜನೋ, ಪಕ್ಕದ ಬೀದಿಯ ಟೀಚರೋ ಕೂರಲಿ. ಕಲಿಸಿದವರಿಗೆ ಗೊತ್ತಿಲ್ಲದೆಯೇ ಸುಳಿವು ಕೊಡುವ ಅಭ್ಯಾಸ ಬಂದಿರುತ್ತದೆ. ತಪ್ಪು ಅಂಕಿ ಬರೆಯುವ ಹೊತ್ತಿಗೆ "ಹ್ಞೂಂ?" ಅನ್ನುವುದು, ಪೆನ್ಸಿಲ್ ತುದಿಯನ್ನು ಸರಿ ಉತ್ತರದ ಕಡೆ ಸರಿಸುವುದು, ಹೀಗೆ. ಮಗು ಉತ್ತರವನ್ನು ಪುಸ್ತಕದಲ್ಲಿ ಹುಡುಕುವ ಬದಲು ಅಮ್ಮನ ಮುಖದಲ್ಲಿ ಹುಡುಕುತ್ತದೆ. ಬೇರೆ ಯಾರೂ ಸಿಗದಿದ್ದರೆ ನೀವೇ ಮಾಡಿ, ಆದರೆ ಎದುರಿಗೆ ಕೂರಬೇಡಿ. ಪಕ್ಕದಲ್ಲಿ, ಸ್ವಲ್ಪ ಹಿಂದೆ ಕೂತುಕೊಳ್ಳಿ.

ಮಗುವಿಗೆ ಮೊದಲೇ ಸತ್ಯ ಹೇಳಿ: "ಮುಂದಿನ ತಿಂಗಳು ಏನು ಕಲಿಯಬೇಕು ಅಂತ ನೋಡ್ತಿದ್ದೀವಿ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನು." ಮತ್ತು ಆ ಮಾತು ಉಳಿಸಿಕೊಳ್ಳಿ. ಒಂದು ಸಲ ಗದರಿದರೆ ಉಳಿದ ದಿನಗಳಲ್ಲಿ ಅಂದಾಜಿನ ಉತ್ತರವೇ ಬರುತ್ತದೆ.

ಬೇಕಾದ ಸಾಮಾನು ಕಡಿಮೆ. ಮಗುವಿನ ಹಳೆಯ ನೋಟ್‌ಬುಕ್ಕುಗಳು, ಖಾಲಿ ಹಾಳೆ, ಪೆನ್ಸಿಲ್, ಮತ್ತು ಪಠ್ಯಪುಸ್ತಕ. ವಯಸ್ಸಿಗೆ ಸರಿಯಾದ ತರಗತಿಯದು, ಅದರ ಕೆಳಗಿನ ಎರಡು ತರಗತಿಗಳದ್ದು, ಮೇಲಿನ ಒಂದು ತರಗತಿಯದು ಇರಲಿ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಇವೆಲ್ಲ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಓದಿಸುವ ಪುಟಗಳನ್ನಾದರೂ ಪ್ರಿಂಟ್ ತೆಗೆಸಿ, ಮೊಬೈಲ್ ಪರದೆಯಲ್ಲಿ ಓದಿಸಬೇಡಿ.

ಕನ್ನಡ ಓದು

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಒಂದು ಒಳ್ಳೆಯ ಮಾದರಿ ಇದೆ. ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಅಸರ್ ಸಮೀಕ್ಷೆಯಲ್ಲಿ ಮನೆ ಮನೆಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸುತ್ತಾರೆ. ಅದರಲ್ಲಿ ನಾಲ್ಕೇ ಮೆಟ್ಟಿಲು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಪ್ಯಾರಾದಿಂದ ಶುರು ಮಾಡುತ್ತಾರೆ. ಸಲೀಸಾಗಿ ಓದಿದರೆ ಕಥೆ, ತಡವರಿಸಿದರೆ ಪದ, ಪದವೂ ಆಗದಿದ್ದರೆ ಅಕ್ಷರ. ಚಿಕ್ಕ ಮಕ್ಕಳಿಗೆ, ಓದು ಬಿಟ್ಟುಹೋದ ಮಕ್ಕಳಿಗೆ ಇಷ್ಟೇ ಸಾಕು.

ಕಥೆಯನ್ನು ಸಲೀಸಾಗಿ ಓದುವ ಮಗುವಿಗೆ ಮುಂದಿನ ತರಗತಿಗಳ ಪುಸ್ತಕ ತೆಗೆಯಿರಿ. ಮಗು ಹಿಂದೆ ಓದಿರದ ಪಾಠ ಬೇಕು, ಓದಿದ್ದರೆ ಅರ್ಧ ಬಾಯಿಪಾಠವೇ ಬರುತ್ತದೆ. ಸುಮಾರು 50 ಪದಗಳ ತುಣುಕನ್ನು ಜೋರಾಗಿ ಓದಿಸಿ. ಐದಕ್ಕಿಂತ ಜಾಸ್ತಿ ಕಡೆ ಸಿಕ್ಕಿಕೊಂಡರೆ ಆ ಪುಸ್ತಕ ಸದ್ಯಕ್ಕೆ ಭಾರ, ಒಂದು ತರಗತಿ ಕೆಳಗಿಳಿಯಿರಿ. ಒಂದೆರಡು ತಪ್ಪಾದರೆ ಮೇಲೆ ಹೋಗಿ. ಮಗು ಓದುವಾಗ ನಿಮ್ಮ ಕೈಯಲ್ಲಿ ಅದೇ ಪುಟದ ಇನ್ನೊಂದು ಪ್ರತಿ ಇರಲಿ. ಯಾವ ಪದದಲ್ಲಿ ನಿಂತಿತು, ಏನಂತ ಓದಿತು ಎಂದು ಆ ಪದದ ಮೇಲೆಯೇ ಬರೆದುಕೊಳ್ಳಿ.

ತಪ್ಪುಗಳ ಎಣಿಕೆಗಿಂತ ಅವುಗಳ ಬಗೆ ನೋಡಿ. "ಚಕ್ರ" ಇದ್ದಲ್ಲಿ "ಚರ್ಕ" ಎಂದು ಓದಿದರೆ ಅರ್ಕಾವೊತ್ತೂ ರ-ಒತ್ತೂ ಬೆರೆತಿವೆ, ಒಂದು ವಾರ ಅಷ್ಟನ್ನೇ ಹಿಡಿದು ಕಲಿಸಿದರೆ ಸರಿಹೋಗುತ್ತದೆ. "ಕೂಲಿ"ಯನ್ನು "ಕುಲಿ" ಅಂದರೆ ದೀರ್ಘ ಇನ್ನೂ ಕಣ್ಣಿಗೆ ಬೀಳುತ್ತಿಲ್ಲ. ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವ ಮಗುವೂ ಇರುತ್ತದೆ, "ಮಳೆಗಾಲ" ಇದ್ದಲ್ಲಿ "ಮನೆಗೆ" ಎನ್ನುತ್ತದೆ. ಈ ಮೂರನೆಯದು ಉಳಿದೆರಡಕ್ಕಿಂತ ಗಂಭೀರ. ಮಗು ಬೇಗ ಮುಗಿಸಬೇಕು ಅನ್ನುವ ಒತ್ತಡದಲ್ಲಿ ಕಲಿತಿದೆ ಎಂದು ಅರ್ಥ. ಕೆಳಗಿನ ತರಗತಿಯ ಪುಸ್ತಕ ಹಿಡಿದು ನಿಧಾನವಾಗಿ ಓದಿಸಬೇಕು.

ವೇಗದ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂಬ ಗುರಿ ಇದೆ. ಆದರೆ ನಮ್ಮಲ್ಲಿ "ಹೋಗಬೇಕಾಗಿತ್ತಲ್ಲವೇ" ಅನ್ನುವುದೂ ಒಂದೇ ಪದ. ಹಾಗಾಗಿ ಗಡಿಯಾರ ಹಿಡಿದು ಕೂರಬೇಡಿ. ಓದಿದ್ದು ಕೇಳುವವರಿಗೆ ಅರ್ಥವಾಗುವಷ್ಟು ಓಟ ಇದ್ದರೆ ಸಾಕು.

ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಕಥೆ ಹೇಳಿಸಿ. "ಆ ಹುಡುಗ ಒಬ್ಬನ ಹೊಲಕ್ಕ ಹೋಗ್ಯಾನ, ಅವ್ರಪ್ಪಗ ಗೊತ್ತಿಲ್ಲ, ಅದಕ್ಕ ಹುಡುಕಾಕತ್ಯಾರ" ಎಂದು ಮಗು ಹೇಳಿತೋ, ಅದಕ್ಕೆ ಪೂರ್ತಿ ಅರ್ಥವಾಗಿದೆ. ಅಲ್ಲಿ ಭಾಷೆ ತಿದ್ದಲು ಹೋಗಬೇಡಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಗಂಗಾವತಿ, ಸಿಂಧನೂರು ಕಡೆ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗೇ ಮನೆಮಾತು. ಅಂಥ ಮಗು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಕಥೆ ಹೇಳಿದರೂ ಒಪ್ಪಿಕೊಳ್ಳಿ. ಅರ್ಥವಾಗಿದೆಯೇ ಎಂಬುದು ಒಂದು ಪ್ರಶ್ನೆ, ಕನ್ನಡದಲ್ಲಿ ಹೇಳಬಲ್ಲದೇ ಎಂಬುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದಿಡಿ. ಕೊನೆಗೆ "ಏಕೆ" ಅನ್ನುವ ಪ್ರಶ್ನೆ ಒಂದನ್ನಾದರೂ ಕೇಳಿ. ಹೆಸರು, ಊರು ನೆನಪಿಟ್ಟು ಹೇಳುವ ಎಷ್ಟೋ ಮಕ್ಕಳು "ಏಕೆ" ಬಂದಾಗ ನಿಲ್ಲುತ್ತಾರೆ.

ಬರಹಕ್ಕೆ ಹತ್ತು ಪದಗಳ ಉಕ್ತಲೇಖನ ಸಾಕು: ಮರ, ಕೂಲಿ, ಹಬ್ಬ, ಅಜ್ಜಿ, ವರ್ಷ, ಚಕ್ರ, ಕೃಷಿ, ಖುಷಿ, ರಾಷ್ಟ್ರ, ಸ್ವಾತಂತ್ರ್ಯ. "ಹಬ್ಬ" "ಹಬ" ಆದರೆ ಒತ್ತಕ್ಷರ ಬಿಟ್ಟುಹೋಗುತ್ತಿದೆ. "ಖುಷಿ"ಯನ್ನು "ಕುಶಿ" ಎಂದು ಬರೆದರೆ ಜಾಸ್ತಿ ಚಿಂತೆ ಬೇಡ, ಕಿವಿಗೆ ಬಿದ್ದಂತೆ ಬರೆದಿದೆ, ಓದು ಹೆಚ್ಚಾದಂತೆ ಸರಿಹೋಗುತ್ತದೆ. ಆಮೇಲೆ ತನ್ನದೇ ಮಾತಿನಲ್ಲಿ ಏಳೆಂಟು ಸಾಲು ಬರೆಸಿ. "ಹಸು" ಪ್ರಬಂಧ ಬೇಡ, ಅದು ಬಾಯಿಪಾಠ ಇರುತ್ತದೆ. "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನಾಯಿತು" ಎಂದು ಕೇಳಿ.

ಗಣಿತ

ಇಲ್ಲಿ ಹೆಚ್ಚು ಹೊತ್ತು ಕೂರಬೇಕು. ಎರಡು ದಿನ ಇಡಿ. ಕನ್ನಡದಲ್ಲಿ ಒಂದು ಪಾಠ ಬಿಟ್ಟರೂ ಮುಂದಿನ ಪಾಠ ಓದಬಹುದು. ಗಣಿತದಲ್ಲಿ ಸ್ಥಾನಬೆಲೆ ಬಾರದ ಮಗುವಿಗೆ ವ್ಯವಕಲನ ಬರುವುದಿಲ್ಲ, ವ್ಯವಕಲನ ಬಾರದೆ ಭಾಗಾಕಾರ ಬರುವುದಿಲ್ಲ, ಭಿನ್ನರಾಶಿ ಬಾರದೆ ಶೇಕಡಾ ಬರುವುದಿಲ್ಲ.

ಮೊದಲು ಸಂಖ್ಯೆ ಹೇಳಿ ಬರೆಸಿ. "ಸಾವಿರದ ಐದು" ಅಂದಾಗ 10005 ಎಂದು ಬರೆದರೆ ಅಲ್ಲೇ ನಿಲ್ಲಿ, ಸ್ಥಾನಬೆಲೆಯಿಂದಲೇ ಶುರು ಮಾಡಬೇಕು. 1005 ಎಂದು ಸರಿಯಾಗಿ ಬರೆದರೆ, ಈ ಒಂದು ಲೆಕ್ಕ ಕೊಡಿ: 503ರಲ್ಲಿ 278 ಕಳೆಯಿರಿ.

ಸರಿ ಉತ್ತರ 225. ಮಗು 375 ಬರೆದರೆ ಏನಾಗಿದೆ ನೋಡಿ. ಬಿಡಿ ಸ್ಥಾನದಲ್ಲಿ 3ರಿಂದ 8 ಹೋಗಲ್ಲ, ಅದಕ್ಕೇ 8ರಲ್ಲಿ 3 ಕಳೆದು 5 ಬರೆದಿದೆ. ಹತ್ತರ ಸ್ಥಾನದಲ್ಲಿ 7ರಲ್ಲಿ 0 ಕಳೆದು 7. ಅಂದರೆ ಎಲ್ಲಾ ಸ್ಥಾನದಲ್ಲೂ ದೊಡ್ಡದರಲ್ಲಿ ಚಿಕ್ಕದು ಕಳೆಯುತ್ತಿದೆ, ದಶಕ ತೆಗೆದುಕೊಳ್ಳುವುದು ಗೊತ್ತೇ ಇಲ್ಲ. ಅದೇ ಮಗು 235 ಬರೆದರೆ ಕಥೆ ಬೇರೆ. ದಶಕ ತೆಗೆದುಕೊಳ್ಳುವುದು ಗೊತ್ತು. ನೂರರಿಂದ ಹತ್ತು ದಶಕ ತಂದಿದೆ, ಅದರಲ್ಲಿ ಒಂದನ್ನು ಬಿಡಿಗೆ ಕೊಟ್ಟಿದೆ, ಆದರೆ ಹತ್ತನ್ನು ಒಂಬತ್ತು ಮಾಡಲು ಮರೆತಿದೆ. ಎರಡೂ ತಪ್ಪು ಉತ್ತರವೇ. ಮೊದಲ ಮಗುವಿಗೆ ಕಡ್ಡಿ ಕಟ್ಟು ಬಿಚ್ಚಿ, ಹತ್ತು ಹತ್ತರ ಕಂತೆ ಮಾಡಿಸಿ ಬುಡದಿಂದ ಕಲಿಸಬೇಕು. ಎರಡನೇ ಮಗುವಿಗೆ ನಡುವೆ ಸೊನ್ನೆ ಇರುವ ಲೆಕ್ಕಗಳ ಅಭ್ಯಾಸ ಕೊಟ್ಟರೆ ಸಾಕು. ಬರೀ ತಪ್ಪು ಗುರುತು ಹಾಕಿ ಮಾರ್ಕ್ಸ್ ಕೊಟ್ಟಿದ್ದರೆ ಇಬ್ಬರಿಗೂ ಸೊನ್ನೆ ಬೀಳುತ್ತಿತ್ತು, ಇಬ್ಬರಿಗೂ ಒಂದೇ ಪಾಠ ಆಗುತ್ತಿತ್ತು. ಪ್ರತಿ ತಪ್ಪಿಗೂ "ಇದನ್ನ ಹೆಂಗ ಮಾಡಿದಿ, ನನಗೂ ತೋರಿಸು" ಎಂದು ಕೇಳಿ. ಸರಿ ಉತ್ತರ ಬಂದಾಗಲೂ ನಡುನಡುವೆ ಕೇಳಿ, ಇಲ್ಲದಿದ್ದರೆ ಆ ಪ್ರಶ್ನೆ ಕೇಳಿದರೆ ತಪ್ಪು ಎಂದು ಮಗು ಗುರುತು ಹಿಡಿಯುತ್ತದೆ.

ಮಗ್ಗಿಯನ್ನು ಮೊದಲಿನಿಂದ ಹೇಳಿಸಬೇಡಿ. ನೇರವಾಗಿ "ಏಳ್ ಎಂಟ್ಲೆ?" ಅನ್ನಿ. ಮಗು "ಏಳ್ ಒಂದ್ಲೆ ಏಳು" ಎಂದು ಬುಡದಿಂದ ಶುರು ಮಾಡಿದರೆ ಹಾಡು ಬರುತ್ತದೆ, ಗುಣಾಕಾರ ಇನ್ನೂ ಬಂದಿಲ್ಲ. ಭಾಗಾಕಾರಕ್ಕೆ 804ನ್ನು 4ರಿಂದ ಭಾಗಿಸಲು ಕೊಡಿ. 21 ಬಂದರೆ ನಡುವಿನ ಸೊನ್ನೆ ಬಿಟ್ಟಿದೆ. 201 ಬರಬೇಕು.

ಬಾಯಿಲೆಕ್ಕವನ್ನು ಬೇರೆಯಾಗಿಯೇ ನೋಡಿ. 25 ಕೆ.ಜಿ. ಅಕ್ಕಿ ಚೀಲಕ್ಕೆ 1,400 ರೂಪಾಯಿ ಅಂದುಕೊಳ್ಳಿ, ಕೆ.ಜಿ.ಗೆ ಎಷ್ಟು ಬಿತ್ತು? ಅಂಗಡಿಯಲ್ಲಿ, ಸಂತೆಯಲ್ಲಿ ಅಪ್ಪನ ಜೊತೆ ಕೂತ ಮಕ್ಕಳು "ನೂರು ಕೆ.ಜಿ.ಗೆ 5,600, ಹಂಗಾರ 56" ಎಂದು ಬಾಯಲ್ಲೇ ಹೇಳಿಬಿಡುತ್ತಾರೆ, ಅದೇ ಲೆಕ್ಕವನ್ನು ಹಾಳೆಯಲ್ಲಿ ಮಾಡಲು ಬರುವುದಿಲ್ಲ. ಇದು ದೊಡ್ಡ ಆಸ್ತಿ. ಇಂಥ ಮಗುವಿಗೆ ಗಣಿತ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದಷ್ಟೇ ಬಾಕಿ.

ಐದನೇ ತರಗತಿಯಿಂದ ಮೇಲಿನವರಿಗೆ ಕೆಲವು ಪ್ರಶ್ನೆಗಳು ತುಂಬಾ ತಿಳಿಸುತ್ತವೆ. ಮೂರರಲ್ಲೊಂದು ಭಾಗ ರೊಟ್ಟಿ ಜಾಸ್ತಿಯೋ, ನಾಲ್ಕರಲ್ಲೊಂದು ಭಾಗವೋ? ನಾಲ್ಕು ದೊಡ್ಡದು, ಅದಕ್ಕೆ ನಾಲ್ಕರಲ್ಲೊಂದು ಎಂದರೆ ಭಿನ್ನರಾಶಿಯ ಅರ್ಥವೇ ಆಗಿಲ್ಲ. 0.5 ದೊಡ್ಡದೋ 0.35 ದೊಡ್ಡದೋ? 30 ಅಡಿ, 40 ಅಡಿ ಸೈಟಿನ ಸುತ್ತ ಒಂದು ಸಾಲು ತಂತಿ ಎಳೆಯಲು ಎಷ್ಟು ಅಡಿ ತಂತಿ ಬೇಕು, ಆ ಸೈಟು ಎಷ್ಟು ಚದರ ಅಡಿ? 140 ಮತ್ತು 1,200 ಎರಡೂ ಬರಬೇಕು. ಸುತ್ತಳತೆ, ವಿಸ್ತೀರ್ಣ ಎರಡನ್ನೂ ಕಲಸಿಕೊಳ್ಳುವ ಮಕ್ಕಳು ಎಂಟನೇ ತರಗತಿಯಲ್ಲೂ ಸಿಗುತ್ತಾರೆ. ಏಳು, ಎಂಟನೇ ತರಗತಿಯವರಿಗೆ –3 ಮತ್ತು –7ರಲ್ಲಿ ಯಾವುದು ದೊಡ್ಡದು, 450ರಲ್ಲಿ ಶೇ. 20 ಎಷ್ಟು, 3x + 5 = 20 ಆದರೆ x ಎಷ್ಟು ಎಂದು ಕೇಳಿ.

ಒಂದೊಂದು ಕೌಶಲಕ್ಕೂ ಐದು ಲೆಕ್ಕ ಕೊಡಿ. ನಾಲ್ಕು ಸರಿಯಾದರೆ ಗಟ್ಟಿ ಇದೆ. ಎರಡು-ಮೂರು ಆದರೆ ಅರ್ಧ ಬಂದಿದೆ. ಅದಕ್ಕಿಂತ ಕಡಿಮೆ ಆದರೆ ಅದರ ಹಿಂದಿನ ಕೌಶಲಕ್ಕೆ ಇಳಿಯಿರಿ. ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು, ಅದು ಎರಡನೇ ತರಗತಿಯಾದರೂ ಸರಿ.

ಇಂಗ್ಲಿಷ್

ಇದನ್ನು ಬೇಗ ಮುಗಿಸಬಹುದು. ಅಸರ್ ಮಾದರಿಯಲ್ಲೇ ಅಕ್ಷರ, ಸಣ್ಣ ಪದ, ಸರಳ ವಾಕ್ಯ ಓದಿಸಿ, ಓದಿದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಕೇಳಿ. ಅರ್ಥ ಗೊತ್ತಿಲ್ಲದೆ ಗಡಗಡ ಓದುವುದು ಇಲ್ಲಿ ಜಾಸ್ತಿ, ಅದಕ್ಕೆ ಮರುಳಾಗಬೇಡಿ. ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸುವ ಯೋಚನೆ ಇದ್ದರೆ ಮಾತ್ರ ಆ ತರಗತಿಯ ವಿಜ್ಞಾನದ ಒಂದು ಪುಟವನ್ನೂ ಓದಿಸಿ ನೋಡಿ. ಇಂಗ್ಲಿಷ್ ಪಾಠಕ್ಕಿಂತ ಅದೇ ಕಷ್ಟ ಕೊಡುವುದು.

ವಿಜ್ಞಾನ, ಸಮಾಜ

ಇವಕ್ಕೆ ಪ್ರಶ್ನೆಪತ್ರಿಕೆ ಬೇಡ, ಮಾತುಕತೆ ಸಾಕು. ಬಾಯಿಪಾಠವಾದ ವ್ಯಾಖ್ಯೆ ಕೇಳುವ ಬದಲು ಕಣ್ಣೆದುರಿನದನ್ನು ಕೇಳಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದನ್ನು ನಮ್ಮ ಮಕ್ಕಳೆಲ್ಲ ಕೇಳಿದ್ದಾರೆ. ಡ್ಯಾಮಿನಲ್ಲಿ ನೀರು ಹೆಚ್ಚಾದಂತೆ ಗೇಟಿನ ಮೇಲೆ ಒತ್ತಡ ಏಕೆ ಹೆಚ್ಚುತ್ತದೆ? ಎಡದಂಡೆ ಕಾಲುವೆ ಕೊಪ್ಪಳ ದಾಟಿ ರಾಯಚೂರಿಗೆ ಹೋಗುತ್ತದಲ್ಲ, ಕೊನೆಭಾಗದ ರೈತರಿಗೆ ನೀರು ಸಾಲುವುದಿಲ್ಲ ಅನ್ನುವ ಮಾತು ಏಕೆ ಬರುತ್ತದೆ? ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ, ಜೋಳದ ಹೊಲದಲ್ಲಿ ಏಕೆ ನಿಲ್ಲಿಸುವುದಿಲ್ಲ? ಮಗು ಕಾರಣ ಹುಡುಕುತ್ತದೆಯೇ, ಗೊತ್ತಿದ್ದನ್ನು ಇನ್ನೊಂದಕ್ಕೆ ಜೋಡಿಸುತ್ತದೆಯೇ ಎಂದು ಕೇಳಿಸಿಕೊಳ್ಳಿ.

ಇತಿಹಾಸಕ್ಕೆ ನಮಗೆ ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು, ಅದರಿಂದಲೇ ಬೇರೆ ಶಾಸನಗಳ "ದೇವಾನಾಂಪ್ರಿಯ" ಯಾರು ಎಂಬುದು ಗಟ್ಟಿಯಾಯಿತು. ದೊಡ್ಡ ಮಕ್ಕಳಿಗೆ ಇಷ್ಟು ಹೇಳಿ, "ರಾಜ ತನ್ನ ಮಾತನ್ನು ಇಷ್ಟು ದೂರದ ಬಂಡೆಯ ಮೇಲೆ ಏಕೆ ಬರೆಸಿದ?" ಎಂದು ಕೇಳಿ. ನಕಾಶೆ ಓದಲು ಬರುತ್ತದೆಯೇ ಎಂಬುದನ್ನೂ ನೋಡಿ, ಮನೆಯಲ್ಲಿ ಕಲಿಸುವಾಗ ಹೆಚ್ಚಾಗಿ ಬಿಟ್ಟುಹೋಗುವುದು ಅದೇ. ಈ ಎರಡು ವಿಷಯಗಳಲ್ಲಿ ಪಾಠ ಹಿಂದೆ ಬಿದ್ದಿದ್ದರೂ ಗಾಬರಿ ಬೇಡ. ಓದು ಚೆನ್ನಾಗಿದ್ದರೆ ಮೂರು ತಿಂಗಳಲ್ಲಿ ಹಿಡಿಯಬಹುದು.

ಕಣ್ಣು, ಕಿವಿಯನ್ನೂ ನೋಡಿ

ಸಾಲು ಬಿಟ್ಟು ಓದುವುದು, ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿಯುವುದು, ಕಣ್ಣು ಕಿರಿದು ಮಾಡುವುದು ಕಂಡರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಶಾಲೆಯಲ್ಲಿ ಬೋರ್ಡ್ ಕಾಣದಿದ್ದರೆ ಟೀಚರಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಬೋರ್ಡೇ ಇರುವುದಿಲ್ಲ, ಹಾಗಾಗಿ ದೂರದೃಷ್ಟಿಯ ತೊಂದರೆ ವರ್ಷಗಟ್ಟಲೆ ಗೊತ್ತಾಗದೇ ಉಳಿಯಬಹುದು. ಉಕ್ತಲೇಖನದಲ್ಲಿ ಪದೇ ಪದೇ "ಏನು?" ಎನ್ನುವ ಮಗುವಿಗೆ ಕಿವಿ ಪರೀಕ್ಷೆ ಮಾಡಿಸಿ. ಬಾಯಲ್ಲಿ ಎಲ್ಲವನ್ನೂ ಚುರುಕಾಗಿ ಹೇಳುವ ಮಗು ಎಂಟು-ಒಂಬತ್ತು ವರ್ಷವಾದರೂ, ಚೆನ್ನಾಗಿ ಕಲಿಸಿದರೂ, ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದ್ದರೆ ಸೋಮಾರಿ ಅನ್ನಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ, ಕಲಿಕಾ ನ್ಯೂನತೆ ಇದೆಯೇ ಎಂದು ಕೇಳಿ.

ಬರೆದಿಡುವುದು

ಒಂದು ನೋಟ್‌ಬುಕ್ಕಿನಲ್ಲಿ ವಿಷಯಕ್ಕೊಂದು ಪುಟ. ಪ್ರತಿ ಪುಟದಲ್ಲಿ ಮೂರು ಭಾಗ: ತಾನೇ ಮಾಡುತ್ತದೆ, ಸ್ವಲ್ಪ ಹೇಳಿಕೊಟ್ಟರೆ ಮಾಡುತ್ತದೆ, ಇನ್ನೂ ಬರುವುದಿಲ್ಲ. "ಗಣಿತ ವೀಕ್" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ನಡುವೆ ಸೊನ್ನೆ ಇರುವ ವ್ಯವಕಲನದಲ್ಲಿ ದಶಕ ಮರೆಯುತ್ತಾಳೆ" ಎಂದು ಬರೆಯಿರಿ. ತಾರೀಖು ಹಾಕಿ, ಮಗು ಬರೆದ ಹಾಳೆಗಳನ್ನೂ ಜೊತೆಗೆ ಅಂಟಿಸಿ. ಜೂನ್‌ನ ಪಾಠ ನಡುವಿನ ಭಾಗದಿಂದ ಶುರುವಾಗಲಿ, ಅಲ್ಲಿ ಮಗುವಿಗೆ ಬೇಗ ಗೆಲುವು ಸಿಗುತ್ತದೆ.

ಶಾಲೆಗೆ ಸೇರಿಸುವವರಿಗೆ

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರದೇ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗಿದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಈ ತರಬೇತಿಯ ಅವಧಿ ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಸೇರಿಸಿಕೊಳ್ಳಲು ಪ್ರವೇಶ ಪರೀಕ್ಷೆ ಮಾಡುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಹತ್ತು ವರ್ಷದ ಮಗುವನ್ನು "ಮೂರನೇ ಕ್ಲಾಸಿಗೆ ಹಾಕ್ತೀವಿ" ಎಂದು ಯಾರಾದರೂ ಹೇಳಿದರೆ ಸುಮ್ನೆ ಒಪ್ಪಿಕೊಂಡು ಬರಬೇಡಿ. ಮುಖ್ಯ ಶಿಕ್ಷಕರಿಗೆ ಈ ಸೆಕ್ಷನ್ ನೆನಪಿಸಿ, ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಒಂಬತ್ತನೇ ತರಗತಿಗೆ ಸೇರಿಸುವವರು ಮಾತ್ರ ಯಾವ ದಾಖಲೆ ಬೇಕೆಂದು ಏಪ್ರಿಲ್‌ನಲ್ಲೇ ಕೇಳಿಕೊಳ್ಳಬೇಕು.

ನೀವು ಬರೆದಿಟ್ಟ ನೋಟ್‌ಬುಕ್ಕನ್ನು ಕ್ಲಾಸ್ ಟೀಚರಿಗೆ ತೋರಿಸಿ. ಮಗುವಿಗೆ ಏನು ಬರುತ್ತದೆ ಎಂಬ ಪುಟದಿಂದಲೇ ಮಾತು ಶುರು ಮಾಡಿ. ದಸರಾ ರಜೆಯಲ್ಲಿ ಅದೇ ನೋಟ್‌ಬುಕ್ ತೆಗೆದು "ಇನ್ನೂ ಬರುವುದಿಲ್ಲ" ಎಂದು ಬರೆದದ್ದನ್ನು ಮಾತ್ರ ಇನ್ನೊಮ್ಮೆ ಕೇಳಿ ನೋಡಿ. ಲೆಕ್ಕದ ಅಂಕಿಗಳನ್ನು ಬದಲಾಯಿಸಿ ಕೊಡಿ, ಓದಲು ಹೊಸ ಪುಟ ಕೊಡಿ.